ಕರುವಿನ ಪಾಲಿನ ಹಾಲು

ಹೋದ ವರ್ಷ ದೀಪಾವಳಿಗೆ ಊರಿಗೆ ಹೋಗಿದ್ದೆ. ಹಬ್ಬದ ಹಿಂದಿನ ರಾತ್ರಿ ಒಂಬತ್ತು ಗಂಟೆಗೆ ನಮ್ಮ ಸೀಮೆ ಹಸು ಗೌರಿ ಕರು ಹಾಕಿತು. ಹೆಣ್ಣುಗರು. ಮೈಯೆಲ್ಲ ಕಪ್ಪು, ಹಣೆಯ ಮೇಲೆ ಮಾತ್ರ ಬೊಟ್ಟಿಟ್ಟ ಹಾಗೆ ಒಂದು ಬಿಳಿ ಮಚ್ಚೆ. ಅರ್ಧ ಗಂಟೆಯಲ್ಲಿ ಎದ್ದು ನಿಂತು ಕೆಚ್ಚಲು ಹುಡುಕತೊಡಗಿತು. ನಾನು ಹಿಡಿದು ಕುಡಿಸಲು ಹೋದೆ.

"ಮಾಸು ಬೀಳೋಗಂಟ ಹಾಲು ಕುಡಿಸ್ಬಾರ್ದು ಕಣ್ಲಾ" ಅಂದರು ಅಜ್ಜಿ.

ಅಜ್ಜಿ ನನಗಿಂತ ಐವತ್ತು ವರ್ಷ ಹೆಚ್ಚು ಹಸು ಕಂಡವರು. ಸುಮ್ಮನಾದೆ. ಮಾಸು ಬಿದ್ದಿದ್ದು ಬೆಳಗ್ಗೆ ಏಳಕ್ಕೆ. ಆಮೇಲೆ ಕರುವಿಗೆ ನಾಲ್ಕು ಗುಟುಕು ಕುಡಿಸಿ, ಉಳಿದ ಹಳದಿ ಹಾಲನ್ನೆಲ್ಲ ಕರೆದುಕೊಂಡೆವು. ಅಮ್ಮ ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಮಾಡಿದರು. ನಾನು ಎರಡು ಡಬ್ಬಿ ತುಂಬಿಸಿಕೊಂಡು ಬೆಂಗಳೂರಿಗೆ ಬಂದು, ಆಫೀಸಿನಲ್ಲಿ ಗಿಣ್ಣು ಅಂದರೇನೆಂದು ತಿಳಿಯದ ಗೆಳೆಯರಿಗೆ ಹಂಚಿ ಭೇಷ್ ಅನ್ನಿಸಿಕೊಂಡೆ.

ಒಂಬತ್ತನೇ ದಿನ ಅಪ್ಪ ಫೋನ್ ಮಾಡಿದರು. ಕರು ಮೂರು ದಿನದಿಂದ ಬೇಧಿ ಮಾಡಿಕೊಂಡು ಸತ್ತುಹೋಗಿತ್ತು. ಡಾಕ್ಟರು ಬಂದು ಡ್ರಿಪ್ ಹಾಕಿದ್ದರಂತೆ. ಅವರು ಕೇಳಿದ್ದು ಒಂದೇ ಪ್ರಶ್ನೆಯಂತೆ: "ಹುಟ್ಟಿದ ಎಷ್ಟು ಹೊತ್ತಿಗೆ ಗಿಣ್ಣು ಹಾಲು ಕುಡಿಸಿದ್ರಿ? ಎಷ್ಟು ಲೀಟರ್?" ಅಪ್ಪನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರ ಇತ್ತು. ಹತ್ತು ಗಂಟೆ ತಡವಾಗಿ, ನಾಲ್ಕು ಗುಟುಕು. ಉಳಿದಿದ್ದು ನನ್ನ ಡಬ್ಬಿಯಲ್ಲಿತ್ತು.

ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಕೋಡ್‌ನಲ್ಲಿ ತಪ್ಪಾದರೆ ಯಾವ ಸಾಲಿನಲ್ಲಿ ಅಂತ ಹುಡುಕುವುದು ನನ್ನ ಹೊಟ್ಟೆಪಾಡು. ಅದೇ ಚಟದಲ್ಲಿ ರಾತ್ರಿ ಕೂತು ಓದತೊಡಗಿದೆ: ಹುಲ್ಲು ಕಚ್ಚುವ ಮೊದಲಿನ ಆ ಎರಡು ಮೂರು ತಿಂಗಳು ಕರುವಿಗೆ ಜನ ಏನೇನು ಕುಡಿಸಿದ್ದಾರೆ? ಓದುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಕರುವಿನ ಬಟ್ಟಲಿಗೆ ಏನು ಬೀಳಬೇಕು ಅನ್ನುವುದನ್ನು ಹೆಚ್ಚಿನ ಕಾಲ ತೀರ್ಮಾನಿಸಿದ್ದು ಕರುವಿನ ಹಸಿವಲ್ಲ, ಮನುಷ್ಯನಿಗೆ ಆ ಹೊತ್ತಿಗೆ ಯಾವುದು ಬೇಡವಾಗಿತ್ತು ಅನ್ನುವುದು.

ಕರು ಇಲ್ಲದೆ ಹಾಲಿಲ್ಲ

ನಮ್ಮ ಕಡೆಯಿಂದಲೇ ಶುರು ಮಾಡೋಣ. ನಾಟಿ ಹಸುವಿನ ಹಟ ಹಳ್ಳಿಯವರಿಗೆಲ್ಲ ಗೊತ್ತು. ಕರು ಬಂದು ಮೊಲೆಗೆ ಬಾಯಿ ಹಾಕಿ ಗುದ್ದಿದರೆ ಮಾತ್ರ ತೊರೆ ಬಿಡುತ್ತದೆ. ಕರುವಿನ ಸ್ಪರ್ಶಕ್ಕೆ ತಾಯಿಯ ಮೆದುಳಿನಿಂದ ಆಕ್ಸಿಟೋಸಿನ್ ಅನ್ನುವ ಹಾರ್ಮೋನ್ ಹೊರಟು ಕೆಚ್ಚಲಿನ ಹಾಲನ್ನು ಇಳಿಸುತ್ತದೆ. ಹಾಗಾಗಿ ನಮ್ಮ ಕೊಟ್ಟಿಗೆಗಳಲ್ಲಿ ಕರುವಿಗೂ ಮನೆಯವರಿಗೂ ಒಂದು ಒಪ್ಪಂದವಿತ್ತು. ಮೊದಲು ಕರು ಬಿಡು, ತೊರೆ ಬಿಟ್ಟ ಮೇಲೆ ಎಳೆದು ಕಟ್ಟು, ಹಾಲು ಕರೆ, ಕೊನೆಗೆ ಮತ್ತೆ ಬಿಡು. ನಮ್ಮ ತಾತ ಒಂದು ಮೊಲೆಯನ್ನು ಮುಟ್ಟುತ್ತಲೇ ಇರಲಿಲ್ಲವಂತೆ. "ಅದು ಕರೀಂದು" ಅನ್ನುತ್ತಿದ್ದರಂತೆ. ಕರುವಿನ ಹೊಟ್ಟೆಗೆ ಸ್ವಲ್ಪವಾದರೂ ಬೀಳುತ್ತಿದ್ದುದು ದಯೆಯಿಂದಷ್ಟೇ ಅಲ್ಲ, ಅದಿಲ್ಲದೆ ಹಾಲೇ ಇರಲಿಲ್ಲ.

ಒಪ್ಪಂದ ಮುರಿದಿದ್ದು ಪೇಟೆಗಳಲ್ಲಿ. ಕೊಲ್ಕತ್ತ, ಮುಂಬೈಯಂಥ ಊರುಗಳ ಹಾಲಿನವರಿಗೆ ಕರು ಕುಡಿಯುವ ಪ್ರತಿ ಲೋಟವೂ ನಷ್ಟ. ಕರು ಸತ್ತರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸಿ ಹಾಲು ಕರೆಯುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ 'ಫೂಕಾ'. ಹಸುವಿನ ಯೋನಿಗೆ ಗಾಳಿ ಊದಿ ಹಾಲು ಇಳಿಸುವ ಕ್ರೌರ್ಯ. ಇದನ್ನು ಓದಿ ತಿಳಿದಿದ್ದೂ ಗಾಂಧೀಜಿ 1912ರಲ್ಲಿ ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿ ಹಾಲು ಬಿಡಲು ಒಂದು ಕಾರಣ. ಸ್ವತಂತ್ರ ಭಾರತ 1960ರಲ್ಲಿ ಮಾಡಿದ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಫೂಕಾಕ್ಕೆಂದೇ ಒಂದು ಕಲಮು ಇದೆ.

ಇದೇ ಗಾಂಧೀಜಿ 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬೆಂಗಳೂರಿಗೆ ಬಂದಾಗ ಇಲ್ಲಿನ ಇಂಪೀರಿಯಲ್ ಹೈನು ಸಂಸ್ಥೆಗೆ ಹೋಗಿ, ವಿಲಿಯಂ ಸ್ಮಿತ್ ಎಂಬ ತಜ್ಞರಿಂದ ಹಸು ಸಾಕಣೆ ಕಲಿತರು. 1923ರಲ್ಲಿ ಶುರುವಾದ ಆ ಸಂಸ್ಥೆಯ ಜಾಗ ಆಡುಗೋಡಿಯಲ್ಲಿದೆ. ಈಗ ಅಲ್ಲಿರುವುದು ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರ. ಎಷ್ಟೋ ಸಲ ಆ ಗೋಡೆಯ ಪಕ್ಕದ ಟ್ರಾಫಿಕ್ಕಿನಲ್ಲಿ ಬೈದುಕೊಂಡು ನಿಂತಿದ್ದೇನೆ, ಒಳಗೇನಿದೆ ಅಂತ ಯೋಚಿಸಿರಲಿಲ್ಲ.

ಕೆನೆ ಬೆಣ್ಣೆಗೆ, ನೀರುಹಾಲು ಕರುವಿಗೆ

ಯುರೋಪಿನ ಹಸುಗಳ ಕಥೆ ಬೇರೆ. ಕರು ಎದುರಿಗಿಲ್ಲದೆಯೂ ಹಾಲು ಕೊಡುವ ತಳಿಗಳು ಅಲ್ಲಿದ್ದವು. ಹಾಗಾಗಿ ಕರುವನ್ನು ಬೇರೆ ಕಟ್ಟಿ ಬಕೆಟ್‌ನಲ್ಲಿ ಕುಡಿಸಬಹುದಿತ್ತು. ಬಕೆಟ್ ಬಂತು ಅಂದಮೇಲೆ ಅದರೊಳಗೆ ಏನು ಹಾಕಬೇಕು ಅನ್ನುವುದು ಪೂರ್ತಿ ಮನುಷ್ಯನ ಕೈಗೆ ಬಂತು.

1878ರಲ್ಲಿ ಸ್ವೀಡನ್ನಿನ ಗುಸ್ತಾಫ್ ಡಿ ಲಾವಾಲ್ ಎಂಬ ಎಂಜಿನಿಯರ್ (ನಮ್ಮ ಜಾತಿಯವನೇ!) ಹಾಲನ್ನು ಗಿರಗಿರನೆ ತಿರುಗಿಸಿ ಕೆನೆ ಬೇರೆ ಮಾಡುವ ಯಂತ್ರ ತಯಾರಿಸಿದ. ಅದಕ್ಕೆ ಮುಂಚೆ ಹಾಲನ್ನು ಅಗಲವಾದ ಪಾತ್ರೆಯಲ್ಲಿ ಗಂಟೆಗಟ್ಟಲೆ ಇಟ್ಟು, ಮೇಲೆ ತೇಲಿದ ಕೆನೆಯನ್ನು ಕೈಯಿಂದ ತೆಗೆಯಬೇಕಿತ್ತು. ಯಂತ್ರ ಬಂದ ಮೇಲೆ ಒಂದಿಡೀ ಊರಿನ ಹಾಲನ್ನು ಒಂದೇ ಕಡೆ ತಂದು ಕೆನೆ ತೆಗೆಯಬಹುದು. 1882ರಲ್ಲಿ ಡೆನ್ಮಾರ್ಕಿನ ಯೆಡ್ಡಿಂಗ್ ಎಂಬ ಹಳ್ಳಿಯ ರೈತರು ಸೇರಿ ಅಲ್ಲಿನ ಮೊದಲ ಸಹಕಾರಿ ಡೈರಿ ಕಟ್ಟಿದರು. ಬೆಳಗ್ಗೆ ಹಾಲು ಹಾಕಿ ಬರುವ ನಮ್ಮೂರ ಡೈರಿಯ ಮುತ್ತಜ್ಜ ಅಂದುಕೊಳ್ಳಿ.

ಕೆನೆ ಬೆಣ್ಣೆಯಾಗಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಉಳಿದ ತೆಳು ಹಾಲು ಕ್ಯಾನ್‌ಗಳಲ್ಲಿ ರೈತರ ಮನೆಗೆ ವಾಪಸ್ ಬರುತ್ತಿತ್ತು, ಹಂದಿಗೆ ಮತ್ತು ಕರುವಿಗೆ. ಕೊಬ್ಬು ಹೋಗಿದ್ದರೂ ಪ್ರೋಟೀನು, ಸಕ್ಕರೆ, ಸುಣ್ಣದಂಶ ಅದರಲ್ಲೇ ಇರುತ್ತದೆ. ಹೋದ ಕೊಬ್ಬಿನ ಬದಲಿಗೆ ಅಗಸೆ ಬೀಜವನ್ನು ಬೇಯಿಸಿ ಗಂಜಿ ಮಾಡಿ ಬೆರೆಸುತ್ತಿದ್ದರು. ನೋಡಲು ಒಳ್ಳೆಯ ಲೆಕ್ಕವೇ.

ಆದರೆ ಆ ಲೆಕ್ಕದಲ್ಲಿ ಒಂದು ದೊಡ್ಡ ಬಗ್ ಇತ್ತು. ಮೊದಲು ಒಂದು ಹಸುವಿಗೆ ಕ್ಷಯ ಇದ್ದರೆ ಅದರ ಕರುವಿಗಷ್ಟೇ ಅಪಾಯ. ಈಗ ಊರ ಹಾಲೆಲ್ಲ ಒಂದೇ ತೊಟ್ಟಿಗೆ ಬಿದ್ದು, ಅದೇ ಹಾಲು ಮನೆಮನೆಗೆ ವಾಪಸ್ ಹೋಗುತ್ತಿತ್ತು. ಒಂದು ಕೆಚ್ಚಲಿನ ಕ್ಷಯ ಊರಿನ ಕರುಗಳಿಗೆಲ್ಲ ಹಂಚಿಕೆಯಾಯಿತು. ಇದನ್ನು ಹಿಡಿದು ಜಗ್ಗಿದವರು ಬರ್ನ್‌ಹಾರ್ಡ್ ಬ್ಯಾಂಗ್ ಎಂಬ ಪಶುವೈದ್ಯ ವಿಜ್ಞಾನಿ. (ಹಸುಗಳ ಕಂದು ರೋಗದ ಸೂಕ್ಷ್ಮಾಣುವನ್ನು 1897ರಲ್ಲಿ ಕಂಡುಹಿಡಿದವರೂ ಇವರೇ.) ಅವರ ಉಪಾಯ ಸರಳ. ರೋಗ ಹಿಡಿದ ಹಸುಗಳನ್ನೆಲ್ಲ ಕೊಲ್ಲಬೇಡಿ, ಟ್ಯೂಬರ್‌ಕ್ಯುಲಿನ್ ಪರೀಕ್ಷೆ ಮಾಡಿ ಬೇರೆ ಕಟ್ಟಿ. ಅವುಗಳ ಕರು ಹುಟ್ಟಿದ ಕೂಡಲೇ ಬೇರೆ ಮಾಡಿ, ಮೊದಲ ದಿನ ಗಿಣ್ಣು ಕೊಟ್ಟು, ಆಮೇಲೆ ಕಾಯಿಸಿದ ಹಾಲಿನಲ್ಲೇ ಬೆಳೆಸಿ.

ಬ್ಯಾಂಗ್ ಹೇಳಿದ್ದು ಕಾನೂನೂ ಆಯಿತು. 1898ರಲ್ಲಿ ಡೆನ್ಮಾರ್ಕ್, ಡೈರಿಯಿಂದ ವಾಪಸ್ ಹೋಗುವ ಕೆನೆ ತೆಗೆದ ಹಾಲು, ಮಜ್ಜಿಗೆಗಳನ್ನು 85 ಡಿಗ್ರಿಗೆ ಕಾಯಿಸಲೇಬೇಕು ಅಂತ ಕಾಯ್ದೆ ಮಾಡಿತು. ಕಾಯಿಸಿದ್ದೇವೆ ಅಂತ ಡೈರಿಯವರು ಸುಳ್ಳು ಹೇಳಿದರೆ? ಅದಕ್ಕೂ ವಿಲ್‌ಹೆಲ್ಮ್ ಸ್ಟಾರ್ಕ್ ಎಂಬ ರಸಾಯನ ವಿಜ್ಞಾನಿ ಒಂದು ಪರೀಕ್ಷೆ ಕೊಟ್ಟರು. ಸರಿಯಾಗಿ ಕಾಯಿಸದ ಹಾಲು ಅದರಲ್ಲಿ ನೀಲಿಯಾಗುತ್ತದೆ. ಒಂದು ತಮಾಷೆ ನೋಡಿ. ಅಮೆರಿಕದಲ್ಲಿ ಮನುಷ್ಯರು ಕುಡಿಯುವ ಹಾಲನ್ನು ಕಾಯಿಸಲೇಬೇಕು ಅಂತ ಮೊದಲು ಕಾನೂನು ಮಾಡಿದ ದೊಡ್ಡ ನಗರ ಶಿಕಾಗೊ, ಅದೂ 1908ರಲ್ಲಿ. ಡೆನ್ಮಾರ್ಕಿನ ಕರುಗಳಿಗೆ ಅದಕ್ಕೂ ಹತ್ತು ವರ್ಷ ಮುಂಚೆಯೇ ಆ ಭಾಗ್ಯ ಸಿಕ್ಕಿತ್ತು!

ಗಿಣ್ಣಿನೊಳಗೆ ಏನಿದೆ?

ಬ್ಯಾಂಗ್ ಅವರು ಮೊದಲ ದಿನ ಗಿಣ್ಣು ಹಾಲು ಕೊಡಿ ಅಂದರಲ್ಲ, ಏಕೆ? ಅನುಭವದಿಂದ ಅದು ರೈತರಿಗೆ ಗೊತ್ತಿತ್ತು. ಹಲವರು ಹೊಟ್ಟೆ ಶುದ್ಧಿಗೆ ಅಂದುಕೊಂಡಿದ್ದರು. ನಿಜವಾದ ಕಾರಣದ ಮೊದಲ ಸುಳಿವು ಸಿಕ್ಕಿದ್ದು ಇಲಿಗಳಿಂದ.

1892ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್, ನಮ್ಮ ಹರಳುಬೀಜದಲ್ಲಿರುವ ರೈಸಿನ್, ಗುಲಗಂಜಿಯಲ್ಲಿರುವ ಅಬ್ರಿನ್ ವಿಷಗಳನ್ನು ಸ್ವಲ್ಪ ಸ್ವಲ್ಪವೇ ಕೊಟ್ಟು ಇಲಿಗಳಿಗೆ ಅವನ್ನು ತಡೆಯುವ ಶಕ್ತಿ ಬರಿಸಿದ. ಆಮೇಲೆ ಮರಿಗಳನ್ನು ಅದಲುಬದಲು ಮಾಡಿದ. ಶಕ್ತಿ ಇಲ್ಲದ ತಾಯಿಯ ಮರಿಗಳು ಶಕ್ತಿ ಇರುವ ಸಾಕುತಾಯಿಯ ಹಾಲು ಕುಡಿದಾಗ ಅವಕ್ಕೂ ವಿಷ ತಡೆಯುವ ಶಕ್ತಿ ಬಂತು. ಅಂದರೆ ಹಾಲು ಬರೀ ಊಟವಲ್ಲ, ಅದರಲ್ಲಿ ತಾಯಿಯ ರಕ್ಷಣೆಯೂ ಹರಿದು ಬರುತ್ತದೆ.

ಕರುಗಳ ವಿಷಯದಲ್ಲಿ ಇದನ್ನು ಗಟ್ಟಿ ಮಾಡಿದವರು ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ರಾಲ್ಫ್ ಲಿಟಲ್. 1922ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಕೆಲವು ಕರುಗಳಿಗೆ ಗಿಣ್ಣು ಕೊಟ್ಟರು, ಕೆಲವಕ್ಕೆ ಗಿಣ್ಣು ತಪ್ಪಿಸಿ ಮಾಮೂಲಿ ಹಾಲು ಕೊಟ್ಟರು. ಗಿಣ್ಣು ಕುಡಿದವು ಉಳಿದವು. ಕುಡಿಯದವುಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಸತ್ತವು. ಸಾಮಾನ್ಯವಾಗಿ ಕರುಳಿನಲ್ಲಿ ತಣ್ಣಗಿರುವ ಬ್ಯಾಕ್ಟೀರಿಯಾಗಳು ಅವುಗಳ ಒಳಾಂಗಗಳಿಗೆಲ್ಲ ನುಗ್ಗಿದ್ದವು. ಕಾಯಿಲೆ ಹೊರಗಿನಿಂದ ಬರಬೇಕಾಗಿಯೇ ಇರಲಿಲ್ಲ, ಬಾಗಿಲಿಗೆ ಚಿಲಕವೇ ಇರಲಿಲ್ಲ.

ಮನುಷ್ಯರ ಮಗು ಹೊಟ್ಟೆಯೊಳಗಿರುವಾಗಲೇ ತಾಯಿಯ ರಕ್ತದಿಂದ ಪ್ರತಿಕಾಯಗಳನ್ನು ಪಡೆದುಕೊಂಡು ಹುಟ್ಟುತ್ತದೆ. ಹಸುವಿನ ಮಾಸಿನ ರಚನೆಯೇ ಬೇರೆ, ಪ್ರತಿಕಾಯಗಳು ಅದನ್ನು ದಾಟುವುದಿಲ್ಲ. ಕರು ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ಬೇಕಾದ್ದೆಲ್ಲ ಗಿಣ್ಣಿನಲ್ಲಿದೆ. ಹುಟ್ಟಿದ ಹೊಸದರಲ್ಲಿ ಕರುವಿನ ಕರುಳು ಆ ಪ್ರತಿಕಾಯಗಳನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಆದರೆ ಗಂಟೆ ಗಂಟೆಗೂ ಆ ಬಾಗಿಲು ಕಿರಿದಾಗುತ್ತಾ ಹೋಗಿ ಸುಮಾರು 24 ಗಂಟೆಯಲ್ಲಿ ಮುಚ್ಚಿಹೋಗುತ್ತದೆ. ಅದಕ್ಕೇ ಡಾಕ್ಟರುಗಳು ಹೇಳುವುದು: ಕರುವಿನ ತೂಕದ ಹತ್ತರಲ್ಲೊಂದು ಭಾಗ ಗಿಣ್ಣು, ಮೊದಲ ಕೆಲವು ಗಂಟೆಗಳೊಳಗೆ, ಬೇಗ ಆದಷ್ಟೂ ಒಳ್ಳೆಯದು. ಮೂವತ್ತು ಕೆಜಿ ಕರುವಿಗೆ ಮೂರು ಲೀಟರ್. ಮಾಸಿಗೆ ಕಾಯುವ ಹಾಗೇ ಇಲ್ಲ. ಅಸಲಿಗೆ ಕರು ಕುಡಿದಾಗ ಬಿಡುಗಡೆಯಾಗುವ ಅದೇ ಆಕ್ಸಿಟೋಸಿನ್ ಗರ್ಭಕೋಶವನ್ನೂ ಹಿಂಡುತ್ತದೆ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೂರು ವರ್ಷ ಹಳೆಯ ಸಂಗತಿ. ನಮ್ಮೂರ ಡೈರಿಯ ಗೋಡೆಯ ಮೇಲೂ ಗಿಣ್ಣು ಕುಡಿಸಿ ಅನ್ನುವ ಪೋಸ್ಟರ್ ಇದೆ. ನಾನು ಅದರ ಪಕ್ಕದಲ್ಲೇ ಗಾಡಿ ನಿಲ್ಲಿಸುತ್ತಿದ್ದೆ.

ಪುಡಿಯ ಬೆಟ್ಟ

ಈಗ ಕೊನೆಯ ಪಾನೀಯಕ್ಕೆ ಬರೋಣ: ಹಾಲಿನ ಬದಲಿಗೆ ನೀರಿನಲ್ಲಿ ಕಲಸುವ ಪುಡಿ, ಮಿಲ್ಕ್ ರಿಪ್ಲೇಸರ್. ಎರಡನೇ ಮಹಾಯುದ್ಧದ ನಂತರ ಪಶ್ಚಿಮದ ದೇಶಗಳಲ್ಲಿ ಇದು ಬಲವಾಗಿ ಬೆಳೆಯಿತು. ಕೆನೆ ತೆಗೆದ ಹಾಲಿನ ಪುಡಿಗೆ ಬೆಣ್ಣೆಗಿಂತ ಅಗ್ಗದ ಪ್ರಾಣಿ ಕೊಬ್ಬೋ ಸಸ್ಯದ ಎಣ್ಣೆಯೋ ಸೇರಿಸಿ, ವಿಟಮಿನ್ ಬೆರೆಸಿದರೆ ಆಯಿತು. ಲೀಟರಿಗೆ ಸುಮಾರು 125 ಗ್ರಾಂ ಪುಡಿ. ನಿಜವಾದ ಹಾಲು ಪೂರ್ತಿ ಮಾರಾಟಕ್ಕೆ. ಪುಡಿಯ ಬೆಲೆ ಏರಿದಂತೆ ಚೀಸ್ ಮಾಡಿ ಉಳಿದ ನೀರಿನ ಪುಡಿ, ಸೋಯಾ ಪ್ರೋಟೀನ್ ಕೂಡ ಸೇರಿದವು. ಎಳೆಗರುವಿಗೆ ಸೋಯಾ ಅಷ್ಟು ಒಗ್ಗುವುದಿಲ್ಲ ಅನ್ನುವುದು ಬೇಗನೆ ಗೊತ್ತಾಯಿತು.

ಯುರೋಪಿನಲ್ಲಿ ಆಗ ಸರ್ಕಾರವೇ ಬೆಂಬಲ ಬೆಲೆಗೆ ಕೊಂಡು ಕೊಂಡು ಹಾಲಿನ ಪುಡಿ, ಬೆಣ್ಣೆ ಬೆಟ್ಟದಷ್ಟು ಬೆಳೆದಿತ್ತು. ಅದನ್ನು ಕರಗಿಸಲು ಯುರೋಪಿಯನ್ ಆರ್ಥಿಕ ಸಮುದಾಯ 1968ರಿಂದ ಕರುಗಳಿಗೆ ಹಾಕುವ ಹಾಲಿನ ಪುಡಿಗೆ ಸಹಾಯಧನ ಕೊಟ್ಟಿತು. ಅಷ್ಟಕ್ಕೂ ಕರಗದೆ 1976ರಲ್ಲಿ ಮೇವು ತಯಾರಿಸುವವರು ಈ ಪುಡಿಯನ್ನು ಕೊಳ್ಳಲೇಬೇಕು ಅಂತ ನಿಯಮ ಮಾಡಿತು, ಅದೂ ಸೋಯಾದ ಮೂರು ಪಟ್ಟು ಬೆಲೆಗೆ! ಯುರೋಪಿನ ನ್ಯಾಯಾಲಯ 1977ರಲ್ಲಿ ಬೇಲಾ ಮ್ಯೂಲೆ ಪ್ರಕರಣದಲ್ಲಿ ಅದು ಅನ್ಯಾಯ ಅಂತ ರದ್ದು ಮಾಡಿತು.

ಅದೇ ಬೆಟ್ಟದ ಇನ್ನೊಂದು ತುಣುಕು ನಮ್ಮಲ್ಲಿಗೂ ಬಂತು. 1970ರಲ್ಲಿ ಶುರುವಾದ ಆಪರೇಷನ್ ಫ್ಲಡ್ಡಿನ ಮೊದಲ ಹಂತಕ್ಕೆ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ನಿಗದಿಯಾದದ್ದು 1,26,000 ಟನ್ ಹಾಲಿನ ಪುಡಿ ಮತ್ತು 42,000 ಟನ್ ಬೆಣ್ಣೆಯೆಣ್ಣೆ. ಅವನ್ನು ಕಲಸಿ ಮಹಾನಗರಗಳಲ್ಲಿ ಹಾಲಾಗಿ ಮಾರಿ, ಬಂದ ದುಡ್ಡಿನಿಂದ ಹಳ್ಳಿಯ ಸಂಘಗಳನ್ನು ಕಟ್ಟಿದ್ದು ವರ್ಗೀಸ್ ಕುರಿಯನ್ನರ ಜಾಣತನ. ಅಲ್ಲಿ ಕರು ಕುಡಿದದ್ದೇ ಇಲ್ಲಿ ಪೇಟೆಯ ಮಕ್ಕಳು ಕುಡಿದರು. ಇದರಲ್ಲಿ ಅವಮಾನವೇನೂ ಇಲ್ಲ, ಪುಡಿ ಒಂದೇ. ಕರ್ನಾಟಕದಲ್ಲಿ 1955ರಲ್ಲೇ ಕೊಡಗಿನ ಕೂಡಿಗೆಯಲ್ಲಿ ಸಹಕಾರಿ ಡೈರಿ ಶುರುವಾಗಿತ್ತು. 1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆ, 1984ರಲ್ಲಿ ಹಾಲು ಮಹಾಮಂಡಲ. ಊರೂರಿಗೂ ಡೈರಿ ಬಂತು, ಸೀಮೆ ಹಸು ಬಂತು. ನನ್ನ ಎಂಜಿನಿಯರಿಂಗ್ ಫೀಸು ಬಂದಿದ್ದೂ ಆ ಡೈರಿಯ ಹಾಲಿನ ಬಿಲ್ಲಿನಿಂದಲೇ. ಆದರೆ ಅದರ ಜೊತೆಗೆ ಕರು ಕುಡಿಯುವ ಪ್ರತಿ ಲೀಟರಿಗೂ ಒಂದು ಬೆಲೆ ಬಂತು. ಸೀಮೆ ಹಸು ಕರು ಇಲ್ಲದೆಯೂ ತೊರೆ ಬಿಡುತ್ತದೆ. ತಾತನ ಕಾಲದ ಒಪ್ಪಂದಕ್ಕೆ ಸಾಕ್ಷಿಯೇ ಇಲ್ಲದಂತಾಯಿತು.

ಲೆಕ್ಕ ಹಾಕಿದರೆ

ದಿನಕ್ಕೆ ನಾಲ್ಕು ಲೀಟರಿನಂತೆ ಅರವತ್ತು ದಿನ ಅಂದರೆ 240 ಲೀಟರ್. ನಿಮ್ಮ ಡೈರಿ ಕೊಡುವ ದರದಿಂದ ಗುಣಿಸಿ ನೋಡಿ. ಅಪ್ಪ ಯಾಕೆ ಕೈ ಹಿಡಿಯುತ್ತಾರೆ ಅಂತ ಅರ್ಥವಾಗುತ್ತದೆ. ಇಪ್ಪತ್ತನೇ ಶತಮಾನದ ಕೊನೆಯವರೆಗೂ ಹೊರದೇಶಗಳ ಪುಸ್ತಕಗಳೂ ಅದನ್ನೇ ಹೇಳಿದವು: ತೂಕದ ಹತ್ತನೇ ಒಂದು ಭಾಗದಷ್ಟು ಹಾಲು ಸಾಕು, ಬೇಗ ಬಿಡಿಸಿ ಹಿಂಡಿಗೆ ಹಚ್ಚಿ. ಆದರೆ 2012ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ತಮ್ಮ ಹಸುಗಳ ಹಳೆಯ ದಾಖಲೆ ತೆಗೆದು ನೋಡಿದಾಗ ಬೇರೆಯೇ ಕಂಡಿತು. ಹಾಲು ಬಿಡಿಸುವ ಮೊದಲು ದಿನಕ್ಕೆ 100 ಗ್ರಾಂ ಹೆಚ್ಚು ತೂಕ ಹಾಕಿದ ಕರುಗಳು, ಮುಂದೆ ಮೊದಲ ಸೂಲಿನಲ್ಲಿ ಸರಾಸರಿ 85 ಕೆಜಿ ಹೆಚ್ಚು ಹಾಲು ಕೊಟ್ಟಿದ್ದವು. ಕರುವಿಗೆ ಕುಡಿಸಿದ್ದು ಖರ್ಚಲ್ಲ, ಠೇವಣಿ.

ಅಪ್ಪನಿಗೆ ಈ ಲೆಕ್ಕವನ್ನು ಬರೆದು ತೋರಿಸಿದೆ. ಒಳ್ಳೆಯ ರಿಪ್ಲೇಸರ್ ಆದರೆ ಎರಡು ವಾರದ ನಂತರ ಕೊಡಬಹುದು, ಗಿಣ್ಣಿಗೆ ಮಾತ್ರ ಅದು ಬದಲಿಯಲ್ಲ ಅಂದೆ. ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಟ್ಟಾಗ ಡೈರಿಗೆ ಹಾಕಲಾಗದ ಹಾಲನ್ನು ಕರುವಿಗೆ ಸುರಿಯಬೇಡಿ, ಅದರಲ್ಲಿ ಔಷಧಿ ಉಳಿದಿರುತ್ತದೆ ಅಂದೆ. ಬಕೆಟ್ ಬದಲು ನಿಪ್ಪಲ್ ಬಾಟಲಿ ತಂದುಕೊಟ್ಟೆ. ಕರು ಚೀಪಿ ಕುಡಿದಾಗ ಹೊಟ್ಟೆಯೊಳಗೆ ಒಂದು ಕಾಲುವೆ ಮಡಚಿಕೊಂಡು, ಹಾಲು ದೊಡ್ಡ ಹೊಟ್ಟೆಗೆ ಬೀಳದೆ ನೇರ ನಾಲ್ಕನೇ ಹೊಟ್ಟೆಗೆ ಹೋಗುತ್ತದೆ. ಅಪ್ಪ ಎಲ್ಲ ಕೇಳಿಸಿಕೊಂಡು "ಹೂಂ" ಅಂದರು ಅಷ್ಟೇ.

ಮೂರು ತಿಂಗಳ ಹಿಂದೆ ನಮ್ಮ ಇನ್ನೊಂದು ಹಸು ಕರು ಹಾಕಿತು. ನಾನೂ ಊರಲ್ಲಿದ್ದೆ. ಈ ಸಲ ಹುಟ್ಟಿದ್ದು ಗಂಡುಗರು. ನಾನು ಬರೆದು ತೋರಿಸಿದ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು. ಗಂಡುಗರುವಿಗೆ ಮೊದಲ ಸೂಲು ಎಲ್ಲಿಂದ ಬರಬೇಕು? ಟ್ರಾಕ್ಟರ್ ಬಂದ ಮೇಲೆ ನಮ್ಮನೆಯಲ್ಲಿ ಎತ್ತೂ ಇಲ್ಲ. ಅಪ್ಪ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

"ಏನ್ಲಾ ನಿಂತ್ಕಂಡು ನೋಡ್ತೀಯ, ಆ ಬಾಟ್ಲಿ ತಗಂಬಾ" ಅಂದರು ಅಜ್ಜಿ ಹಿಂದಿನಿಂದ.

ಮಾಸು ಇನ್ನೂ ಬಿದ್ದಿರಲಿಲ್ಲ. ಅಜ್ಜಿ ಅದರ ಮಾತೇ ಎತ್ತಲಿಲ್ಲ. ಹೋದ ಸಲದ ಕರುವಿನ ಬಗ್ಗೆ ಆ ಒಂದು ವರ್ಷದಲ್ಲಿ ಅವರು ಒಂದು ಮಾತೂ ಆಡಿರಲಿಲ್ಲ, ಆದರೆ ಡಾಕ್ಟರು ಕೇಳಿದ ಪ್ರಶ್ನೆ ಅವರಿಗೂ ಕೇಳಿಸಿತ್ತು ಅಂತ ಆಗ ಗೊತ್ತಾಯಿತು. ಒಂದು ಗಂಟೆಯೊಳಗೆ ಎರಡು ಲೀಟರ್ ಕುಡಿಸಿದೆವು, ಆಮೇಲೆ ಇನ್ನೊಂದು. ಹಾಗಂತ ಗಿಣ್ಣು ತಿನ್ನುವುದನ್ನು ಬಿಡಬೇಕಾಗಲಿಲ್ಲ. ಸೀಮೆ ಹಸುವಿನ ಗಿಣ್ಣು ಹಾಲು ಕರು ಕುಡಿದೂ ಮಿಗುತ್ತದೆ. ಮಾರನೆಯ ದಿನದ ಹಾಲಿನಲ್ಲಿ ಅಮ್ಮ ಬೆಲ್ಲ ಹಾಕಿ ಬೇಯಿಸಿದರು. ಮೊದಲ ತುತ್ತು ಗಂಟಲಲ್ಲಿ ಸ್ವಲ್ಪ ಹಿಡಿದುಕೊಂಡಿತು, ಆಮೇಲೆ ಸರಿಹೋಯಿತು.

ಕರು ಈಗ ಕೊಟ್ಟಿಗೆಯಲ್ಲಿ ಕುಣಿಯುತ್ತಿದೆ. ಮುಂದೆ ಅದನ್ನು ಏನು ಮಾಡುತ್ತೇವೆ ಅಂತ ಅಪ್ಪನೂ ಹೇಳಿಲ್ಲ, ನಾನೂ ಕೇಳಿಲ್ಲ. ನಿಮ್ಮ ಮನೆಯಲ್ಲಿ ಹಸು ಕರು ಹಾಕುವುದಿದ್ದರೆ ಒಂದೇ ಮಾತು: ಮಾಸಿಗೆ ಕಾಯಬೇಡಿ.